ಏಳನೇ ಮ್ಯಾಟಿನ ಹಿಂದಿನ ಸ್ಟೂಲು

ಜೂನ್ ೩, ಸೋಮವಾರ

ಸಮಸ್ತ ಮಾನವಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ನಮ್ಮ ಗಾಲ್ಫ್ ಕ್ಲಬ್ಬಿನ ಅಭ್ಯಾಸದ ಮೈದಾನದಲ್ಲಿ, ನಿಂತು ಚೆಂಡು ಹೊಡೆಯುವ ಏಳನೇ ನಂಬರಿನ ಮ್ಯಾಟಿನ ಹಿಂದೆ ಒಂದು ಸ್ಟೂಲು ಪ್ರತಿಷ್ಠಾಪನೆಗೊಂಡಿದೆ. ಮರದ್ದು, ಹಸಿರು ಬಣ್ಣ, ನಾಲ್ಕು ಕಾಲು. ಅದರ ಮೇಲೆ ನಾನು ಕೂರುವುದಿಲ್ಲ. ಸೂರ್ಯಚಂದ್ರರಿರುವವರೆಗೆ ಅಥವಾ ನನ್ನ ಕೆಲಸ ಇರುವವರೆಗೆ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ, ಇದು ನನ್ನ ಪ್ರತಿಜ್ಞೆ.

ಇದು ಯಾಕೆ ಬಂತು ಎಂದು ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿದೆ.

"ನಿಂತು ನಿಂತು ಸಾಕಾಗಿರತ್ತೆ ಮೇಷ್ಟ್ರೇ. ಇರಲಿ ಅಂತ ಹಾಕಿಸ್ದೆ."

"ಇಪ್ಪತ್ನಾಲ್ಕು ವರ್ಷದಿಂದ ನಿಂತೇ ಕಲಿಸ್ತಾ ಇದ್ದೀನಿ."

"ಅದಕ್ಕೇ ಹೇಳಿದ್ದು."

ಈ ಮನುಷ್ಯನೂ ನನ್ನ ಶಿಷ್ಯನೇ. ಹದಿನೈದು ವರ್ಷದ ಹಿಂದೆ ಇದೇ ಮ್ಯಾಟಿನ ಮೇಲೆ ಸ್ಟಿಕ್ ಹಿಡಿಯುವುದನ್ನು ಕಲಿತ. ಕಲೆ ಮಾತ್ರ ಒಲಿಯಲಿಲ್ಲ. ಈಗಲೂ ಸ್ಟಿಕ್ ಬೀಸುವ ಸ್ವಿಂಗಿನ ಕೊನೆಯಲ್ಲಿ ಲೈಟು ಕಂಬದ ಹಾಗೆ ನಿಂತುಬಿಡುತ್ತಾನೆ.

ಸ್ಟೂಲಿನ ಹಿಂದೆಯೇ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ. ಇದೇ ತಿಂಗಳ ಇಪ್ಪತ್ತೊಂಬತ್ತಕ್ಕೆ ಸಮಿತಿಯ ಐವರು ಕೂತು, ಗಾಲ್ಫ್ ಸ್ವಿಂಗ್ ಕಲಿಸುವುದು ಕಲೆಯೋ ವಿಜ್ಞಾನವೋ ಎಂಬುದನ್ನು ತೀರ್ಮಾನ ಮಾಡುತ್ತಾರಂತೆ. ಹತ್ತಕ್ಕೆ ಶುರು, ಹನ್ನೊಂದೂವರೆಗೆ ಟೀ. ಎಂತೆಂಥ ಪ್ರಶ್ನೆಯಾದರೂ ಒಂದೂವರೆ ಗಂಟೆಯಲ್ಲಿ ಬಗೆಹರಿಯುವ ಜಾಗ ಭೂಮಿಯ ಮೇಲೆ ನಮ್ಮ ಕ್ಲಬ್ಬು ಒಂದೇ. ಕಲೆ ಎಂದರೆ ನಾನು. ವಿಜ್ಞಾನ ಎಂದರೆ ನಾಳೆ ಬರುವ ಒಂದು ಯಂತ್ರ, ಜೊತೆಗೆ ಅದನ್ನು ನಡೆಸುವ ಹುಡುಗಿ. ಇರುವ ಕೆಲಸ ಒಂದೇ. ಗೆದ್ದವರಿಗೆ ಏಳನೇ ಮ್ಯಾಟು, ಸೋತವರಿಗೆ ಹೂವಿನ ಹಾರ ಮತ್ತು ಒಂದು ಭಾಷಣ.

ಇದನ್ನೆಲ್ಲ ಮನೆಯಲ್ಲಿ ಮೂರು ಸಲ ಹೇಳಿದ ಮೇಲೆ ಇವಳು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ, "ರೀ, ನನ್ನ ತಲೆ ತಿನ್ನೋ ಬದ್ಲು ಬರೆದಿಡಿ" ಎಂದು ಈ ಪುಸ್ತಕ ಕೊಟ್ಟಳು. ಇವಳು ಗಿರಾಕಿಗಳ ಅಳತೆ ಬರೆಯುತ್ತಿದ್ದ ಹಳೆಯ ಪುಸ್ತಕ. ಮುಂದಿನ ಅರ್ಧದಲ್ಲಿ ಊರಿನವರ ಎದೆ, ಸೊಂಟ, ತೋಳು. ಹಿಂದಿನ ಅರ್ಧ ಖಾಲಿ, ಅಲ್ಲಿ ನಾನು. ಮನೆಯಲ್ಲಿಟ್ಟರೆ ಇವಳು ಓದುತ್ತಾಳೆ, ಹಾಗಾಗಿ ಮೈದಾನದಲ್ಲಿ ಚೆಂಡು ತೊಳೆಯುವ ಕೋಣೆಯ ಅಟ್ಟದ ಮೇಲೆ ಇಡುತ್ತೇನೆ.

ಜೂನ್ ೪, ಮಂಗಳವಾರ

ಯಂತ್ರ ಬಂತು. ನೋಡಿದರೆ ಊಟದ ಡಬ್ಬಿ. ಇದನ್ನು ಚೆಂಡಿನ ಹಿಂದೆ ಇಟ್ಟರೆ ಹೊಡೆದ ತಕ್ಷಣ ಹನ್ನೊಂದು ನಂಬರು ಹೇಳುತ್ತದೆ. ಜೊತೆಗೆ ಒಂದು ಕ್ಯಾಮೆರಾ, ಮತ್ತು ಕಾಲಡಿಗೆ ಹಾಸುವ ಒಂದು ತೆಳು ಹಲಗೆ. ತೂಕ ಯಾವ ಕಾಲಿನ ಮೇಲೆ ಎಷ್ಟಿದೆ ಎಂದು ಆ ಹಲಗೆ ಹೇಳುತ್ತದಂತೆ. ಬೀದಿಯ ತೂಕದ ಯಂತ್ರ ಇಡೀ ಮನುಷ್ಯನನ್ನು ತೂಗುತ್ತದೆ, ಇದು ಕಾಲು ಕಾಲಾಗಿ ತೂಗುತ್ತದೆ. ಪ್ರಗತಿ ಎಂದರೆ ಇದು.

ಹುಡುಗಿಗೆ ಮೀಟರ್ ಮೇಡಂ ಎಂದು ನಾಮಕರಣ ಮಾಡಿದೆ. ಮಧ್ಯಾಹ್ನದೊಳಗೆ ಇಡೀ ಕ್ಲಬ್ಬು ಹಾಗೇ ಕರೆಯತೊಡಗಿತು. ಅವಳಿಗೂ ಗೊತ್ತಾಯಿತು, ಬೇಜಾರು ಮಾಡಿಕೊಳ್ಳಲಿಲ್ಲ. ಇದು ನನಗೆ ಬೇಜಾರು.

"ಸಾರ್, ನೀವು ಹೇಗೆ ಕಲಿಸ್ತೀರಿ?"

"ನನ್ನ ನೋಡು, ಹಾಗೇ ಮಾಡು. ಅಷ್ಟೇ."

"ಅಷ್ಟೇನಾ?"

"ಮಗು ಮಾತು ಕಲಿಯೋದು ಹೇಗಮ್ಮಾ? ಅವರಮ್ಮನ ಬಾಯಿ ನೋಡಿಕೊಂಡು. ನಾಲಿಗೆ ಎಷ್ಟು ಡಿಗ್ರಿ ತಿರುಗಿಸ್ಬೇಕು ಅಂತ ಯಾರಾದ್ರೂ ಹೇಳ್ಕೊಡ್ತಾರಾ?"

ಅವಳು ಅದನ್ನು ನಗದೆ ಬರೆದುಕೊಂಡಳು. ನಾನು ಬಹಳ ಚೆನ್ನಾಗಿ ಮಾತಾಡಿದೆ ಎಂದು ಇಡೀ ದಿನ ಅನಿಸುತ್ತಿತ್ತು, ಒಂದು ಕಡೆ ನಿಲ್ಲಲಾಗಲಿಲ್ಲ. ಒಂದನೇ ಮ್ಯಾಟಿನಿಂದ ಏಳನೆಯದಕ್ಕೆ, ಏಳರಿಂದ ಒಂದಕ್ಕೆ ತಿರುಗುತ್ತಲೇ ಇದ್ದೆ.

ಸ್ಟೂಲಿನ ಮೇಲೆ ಟೋಪಿ ಇಟ್ಟೆ. ಟೋಪಿ ಕೂತರೆ ಪ್ರತಿಜ್ಞೆ ಮುರಿದಂತಲ್ಲ.

ಜೂನ್ ೮, ಶನಿವಾರ

ಶನಿವಾರ, ಮಂಗಳವಾರ ಹಲ್ಲು ಡಾಕ್ಟರ ಪಾಠ. ಐದು ವರ್ಷದಿಂದ ಬರುತ್ತಿದ್ದಾರೆ. ನನ್ನ ಶಿಷ್ಯರಲ್ಲೆಲ್ಲ ನನ್ನನ್ನು ಅಚ್ಚೊತ್ತಿದ ಹಾಗೆ ಹಿಡಿದವರು ಅವರೇ. ಇವತ್ತು ಅವರ ಚೆಂಡು ಎಂದಿನಂತೆ ಬಲಕ್ಕೆ ವಾಲಿತು. ಹೊಸ ಗ್ಲೌಸಿನಿಂದ ಹೀಗಾಗುತ್ತಿದೆ ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗ್ಲೌಸ್ ಏನ್ ಮಾಡತ್ತೆ ಡಾಕ್ಟ್ರೇ, ಪಾಪ" ಎಂದೆ.

ಗಾಳಿ ಇತ್ತು ಎಂಬುದು ಬೇರೆ ಮಾತು. ನಮ್ಮ ಮೈದಾನದಲ್ಲಿ ಎಂಟು ವರ್ಷದಿಂದ ಗಾಳಿ ಬಲಕ್ಕೇ ಬೀಸುತ್ತದೆ. ಎಲ್ಲ ಶಿಷ್ಯರಿಗೂ ಮೊದಲ ದಿನವೇ ಹೇಳಿರುತ್ತೇನೆ. ಚೆಂಡು ಆರಿಸುವಾತ ಸಂಜೆ ಬುಟ್ಟಿ ತುಂಬಿಸಿ ತಂದು, "ಎಡಗಡೆ ಹೋಗೋ ಕೆಲಸವೇ ಇಲ್ಲ ಬಿಡಿ ಮೇಷ್ಟ್ರೇ, ಅಲ್ಲಿ ಹುಲ್ಲು ಇನ್ನೂ ಹೊಸದಿದೆ" ಎಂದ. ಮೀಟರ್ ಮೇಡಂ ಆಫೀಸಿನ ಮೇಲಿನ ಬಾವುಟವನ್ನು ನೋಡಿದಳು. ಅದು ಎಡಕ್ಕೆ ಹಾರುತ್ತಿತ್ತು. ಬಾವುಟ ಎತ್ತರದಲ್ಲಿದೆ, ಅಲ್ಲಿಯ ಗಾಳಿ ಬೇರೆ. ಇದನ್ನು ಅವಳಿಗೆ ವಿವರಿಸಿದೆ. ಅವಳು ಅದನ್ನೂ ಬರೆದುಕೊಂಡಳು.

ನಾನು ಬೂಟಿನ ಲೇಸು ಕಟ್ಟಲು ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟೆ. ಹಾಗೇ ಸ್ವಲ್ಪ ಹೊತ್ತು ಇಟ್ಟೆ. ಲೇಸು ಉದ್ದ ಇತ್ತು.

ಜೂನ್ ೯, ಭಾನುವಾರ

ರಜೆ. ಬರೆಯುವುದಕ್ಕೆಂದೇ ಸಂಜೆ ಮೈದಾನಕ್ಕೆ ಬಂದೆ. ರಜೆಯಷ್ಟು ಆಯಾಸದ ದಿನ ಇನ್ನೊಂದಿಲ್ಲ. ಇವಳ ತಮ್ಮ ಬಂದಿದ್ದ.

"ಅಲ್ಲ ಭಾವ, ನನಗೊಂದು ಸಂಶಯ. ಓಡಿಬರೋ ಚೆಂಡಿಗೆ ಹೊಡೆಯೋಕೆ ಮೇಷ್ಟ್ರು ಬೇಕು, ಸರಿ. ನಿಂತಿರೋ ಚೆಂಡಿಗೆ ಹೊಡೆಯೋಕೂ ಬೇಕಾ?"

"ನಿಂತಿರೋ ಹೆಂಡತಿ ಹತ್ರ ಮಾತಾಡೋಕೆ ನಿನಗೆ ಬರತ್ತಾ? ಅದಕ್ಕಿಂತ ಕಷ್ಟ ಇದು."

ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಹೋದ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಗಿಲಿಗೆ ಓಡಾಡಿದೆ.

"ರೀ, ಒಂದು ಕಡೆ ಕೂತ್ಕೊಳ್ಳಿ. ನೀವು ಓಡಾಡಿದ್ರೆ ನನ್ನ ಹೊಲಿಗೆನೂ ಓಡಾಡತ್ತೆ."

"ಯೋಚನೆ ಮಾಡ್ತಿದ್ದೀನಿ."

"ಅದನ್ನ ಕೂತು ಮಾಡೋಕಾಗಲ್ವಾ? ಕೂತ್ರೆ ಏನು, ಯೋಚನೆ ಮುರಿದುಹೋಗತ್ತಾ?"

ಎರಡೂ ಕೈಯಲ್ಲಿ ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು, ಸೊಂಟದಿಂದಲೇ ಬಾಗಿಲನ್ನು ದೂಡಿ ಮುಚ್ಚಿದಳು. ಮಾತು ಮುಗಿಸುವ ವಿಧಾನದಲ್ಲಿ ಇವಳಿಗೆ ಯಾವ ಮೇಷ್ಟ್ರೂ ಬೇಕಿಲ್ಲ.

ಜೂನ್ ೧೩, ಗುರುವಾರ

ಇಪ್ಪತ್ತೊಂಬತ್ತರ ತಯಾರಿ. ಸಮಿತಿಯ ಮುಂದೆ ನಾನು ಒಂದು ಸ್ವಿಂಗ್ ಮಾಡಿ ತೋರಿಸಿದರೆ ಸಾಕು, ಯಂತ್ರವೇ ಡಬ್ಬಿಯಿಂದ ಎದ್ದು ನಮಸ್ಕಾರ ಮಾಡಬೇಕು. ಇನ್ನೂರು ಚೆಂಡು ಹೊಡೆದೆ. ಎಡಗಡೆ ಸೊಂಟ ಸ್ವಲ್ಪ ಹಿಡಿದಿದೆ. ಹವೆಯ ದೋಷ.

ಜೂನ್ ೧೭, ಸೋಮವಾರ

ಇವತ್ತು ನಡೆದದ್ದನ್ನು ಬರೆಯಬಾರದು ಎಂದುಕೊಂಡೇ ಬರೆಯುತ್ತಿದ್ದೇನೆ.

ಮೀಟರ್ ಮೇಡಂ ಕಳೆದ ವಾರವೆಲ್ಲ ನನ್ನ ಶಿಷ್ಯರನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಳು. ಹದಿನಾಲ್ಕು ಜನ. ಬೆಳಿಗ್ಗೆ, "ಸಾರ್, ಸಮಿತಿಗೆ ತೋರಿಸೋ ಮುಂಚೆ ನಿಮಗೆ ತೋರಿಸ್ಬೇಕು ಅನ್ನಿಸ್ತು" ಎಂದು ಕಂಪ್ಯೂಟರ್ ತೆರೆದಳು. ಸ್ಟೂಲಿನ ಮೇಲೆ ಇಟ್ಟಳು. ಬಗ್ಗಿ ನೋಡಿದೆ.

ಹದಿನಾಲ್ಕು ಚಿಕ್ಕ ಚಿಕ್ಕ ಚೌಕಗಳಲ್ಲಿ ಹದಿನಾಲ್ಕು ಜನ ಒಟ್ಟಿಗೆ ಸ್ಟಿಕ್ ಎತ್ತಿದರು. ಒಟ್ಟಿಗೆ ಬೀಸಿದರು. ಆಮೇಲೆ ಒಟ್ಟಿಗೆ, ಒಬ್ಬರೂ ಬಿಡದೆ, ಎಡಗಾಲಿನ ಬೂಟಿನ ತುದಿಯನ್ನು ಮೇಲಕ್ಕೆತ್ತಿ, ಬಲಗಾಲಿನ ಮೇಲೆ ಹಿಂದಕ್ಕೆ ವಾಲಿ, ಒಂದು ಪುಟ್ಟ ಕುಂಟು ಹೆಜ್ಜೆ ಹಾಕಿದರು. ಬಿಸಿ ನೆಲದ ಮೇಲೆ ಕಾಲಿಟ್ಟವರ ಹಾಗೆ. ತರಬೇತಿ ಪಡೆದ ಕೊಕ್ಕರೆಗಳ ಹಾಗೆ.

"ಇವರ ಕಾಲಿಗೆಲ್ಲ ಏನಾಗಿದೆ?" ಎಂದೆ.

"ಏನೂ ಆಗಿಲ್ಲ ಸಾರ್. ತೂಕ ಎಡಗಾಲಿಗೆ ಬರ್ತಾನೇ ಇಲ್ಲ. ಅದಕ್ಕೇ ಚೆಂಡು ಬಲಕ್ಕೆ ಹೋಗ್ತಾ ಇರೋದು."

"ಗಾಳಿ..."

ಅವಳು ಹದಿನೈದನೇ ಚೌಕವೊಂದನ್ನು ತೆರೆದಳು. ಅದರಲ್ಲಿ ಕಾರ್ಯದರ್ಶಿ. ಎಡಗಾಲಿನ ಮೇಲೆ ಲೈಟು ಕಂಬದ ಹಾಗೆ ನಿಂತಿದ್ದಾನೆ, ಚೆಂಡು ನೂಲು ಹಿಡಿದಂತೆ ನೇರ ಹೋಗಿದೆ. ಹದಿನಾರನೆಯದರಲ್ಲಿ ನಾನು, ಗುರುವಾರ ಇನ್ನೂರು ಚೆಂಡು ಹೊಡೆಯುತ್ತಿದ್ದವನು. ಅಲ್ಲಿ ಎಲ್ಲರಿಗಿಂತ ಸೊಗಸಾಗಿ ಕುಂಟಿದವನು ನಾನೇ.

"ಸಾರ್, ನಿಮ್ಮದು ತಪ್ಪಲ್ಲ" ಎಂದು ಹುಡುಗಿ ಮೆತ್ತಗೆ ಹೇಳಿದಳು. "ನಿಮಗೆ ಎಡಗಾಲು ನೋವಿದೆ ಅನ್ಸತ್ತೆ, ನಿಮ್ಮ ಮೈ ಹೇಗೋ ಒಂದು ದಾರಿ ಮಾಡ್ಕೊಂಡಿದೆ. ಅವರಿಗೆ ನೋವಿಲ್ಲ. ದಾರಿ ಮಾತ್ರ ಕಲ್ತಿದ್ದಾರೆ."

"ನನಗೆ ಯಾವ ನೋವೂ ಇಲ್ಲ" ಎಂದು ಹೇಳಿ ಹೊರಟುಬಂದೆ. ಏಳನೇ ಮ್ಯಾಟಿನಿಂದ ಗೇಟಿನವರೆಗೆ ನೂರ ಹನ್ನೆರಡು ಹೆಜ್ಜೆ. ನಾನು ಯಾವತ್ತೂ ಹೆಜ್ಜೆ ಎಣಿಸಿದವನಲ್ಲ.

ಜೂನ್ ೧೮, ಮಂಗಳವಾರ

ಕ್ಯಾಮೆರಾ ಕೆಟ್ಟಿದೆ.

ಜೂನ್ ೨೨, ಶನಿವಾರ

ಕ್ಯಾಮೆರಾ ಕೆಟ್ಟಿಲ್ಲ. ಇವತ್ತು ಹಲ್ಲು ಡಾಕ್ಟರನ್ನು ಬರಿಗಣ್ಣಿನಿಂದಲೇ ನೋಡಿದೆ, ಬರೀ ಎಡಗಾಲನ್ನು. ಐದು ವರ್ಷದಲ್ಲಿ ಮೊದಲ ಸಲ. ಇಷ್ಟು ದಿನ ನಾನು ಶಿಷ್ಯರಲ್ಲಿ ನೋಡುತ್ತಿದ್ದದ್ದು ಯಾರನ್ನು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

"ಡಾಕ್ಟ್ರೇ, ಕೊನೆಯಲ್ಲಿ ಒಂದು ಹೆಜ್ಜೆ ಹಾಕ್ತೀರಲ್ಲ, ಅದು ಯಾಕೆ?"

ಅವರ ಮುಖ ಅರಳಿತು. "ಗಮನಿಸಿದ್ರಾ? ಬರ್ತಾ ಇದೆಯಾ ಸರಿಯಾಗಿ?"

"ಏನು ಬರ್ತಾ ಇದೆಯಾ?"

"ನಿಮ್ಮ ಹೆಜ್ಜೆ ಮೇಷ್ಟ್ರೇ. ಅದನ್ನ ಹಿಡಿಯೋಕೆ ನನಗೆ ಮೂರು ತಿಂಗಳು ಬೇಕಾಯ್ತು. ಮನೇಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೀನಿ. ಬಾಕಿ ಎಲ್ಲ ಸುಲಭ, ಅದೇ ಕಷ್ಟ. ನಾವೆಲ್ಲ ಮಾತಾಡ್ಕೋತೀವಿ, ಅದೇ ಮೇಷ್ಟ್ರ ಮುದ್ರೆ ಅಂತ."

ಆ ಮನುಷ್ಯ ದಿನಕ್ಕೆ ಇಪ್ಪತ್ತು ಜನರ ಬಾಯಿ ತೆರೆಸುತ್ತಾರೆ. ನನ್ನ ಬಾಯಿ ಮಾತ್ರ ಮುಚ್ಚಿಸಿಬಿಟ್ಟರು.

ಅವರ ಪಾಠ ಮುಗಿಯುವ ತನಕ ನಾನು ಒಂದು ಸ್ವಿಂಗೂ ಮಾಡಿ ತೋರಿಸಲಿಲ್ಲ. ಸ್ಟಿಕ್ಕನ್ನು ಸ್ಟೂಲಿಗೆ ಒರಗಿಸಿ, ಸ್ಟೂಲಿನ ಮೇಲೆ ಕೈ ಊರಿ ನಿಂತಿದ್ದೆ. ಇದೂ ನಿಲ್ಲುವುದೇ.

ಜೂನ್ ೨೫, ಮಂಗಳವಾರ

ಶನಿವಾರದ ಪರೀಕ್ಷೆಗೆಂದು ಕ್ಲಬ್ಬಿನವರು ಸಮವಸ್ತ್ರ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಸಿದ್ಧವಾದ ಪ್ಯಾಂಟು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹಾಕಿಕೊಂಡು ನೋಡಿದರೆ ಬಲಗಾಲಿಗೆ ಸರಿಯಾಗಿದೆ, ಎಡಗಾಲಿನದು ಹಿಮ್ಮಡಿಯ ಕೆಳಗೆ ಸಿಕ್ಕಿ ನೆಲ ಗುಡಿಸುತ್ತಿದೆ.

"ನೋಡು, ಫ್ಯಾಕ್ಟರಿಯವರ ಯೋಗ್ಯತೆ. ಎರಡು ಕಾಲು ಒಂದೇ ಉದ್ದ ಹೊಲಿಯೋಕೆ ಬರಲ್ಲ. ಇಂಥೋರೆಲ್ಲ ವಿಜ್ಞಾನ ಅಂತಾರೆ."

ಇವಳು ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಕೂತಳು. ಎಡಗಾಲಿನ ಅಂಚಿಗೆ ಒಂದು ಗೆರೆ ಎಳೆದಳು. ಟೇಪು ಹಿಡಿಯಲಿಲ್ಲ.

"ಅಳೆಯಲ್ವಾ?"

"ಗೊತ್ತು."

ಆ ಒಂದು ಮಾತು ಹೇಳಿದ ರೀತಿಯಲ್ಲಿ ಏನೋ ಇತ್ತು. ಹೋಗಿ ಬೀರು ತೆಗೆದು ನನ್ನ ಹಳೆಯ ಪ್ಯಾಂಟುಗಳನ್ನೆಲ್ಲ ಹಾಸಿಗೆಯ ಮೇಲೆ ಹಾಕಿ, ಕಾಲಿಗೆ ಕಾಲು ಜೋಡಿಸಿ ನೋಡಿದೆ. ಇವಳೇ ಹೊಲಿದದ್ದು ಒಂಬತ್ತು. ಒಂಬತ್ತರಲ್ಲೂ ಎಡಗಾಲು ಅರ್ಧ ಇಂಚು ಗಿಡ್ಡ.

"ಎಷ್ಟು ದಿನದಿಂದ ಇದು?"

"ನೀವು ಚೆಂಡು ತೊಳೆಯೋ ಕೋಣೇಲಿ ಜಾರಿಬಿದ್ದು ಎರಡು ತಿಂಗಳು ಮಲಗಿದ್ರಲ್ಲ, ಎದ್ದ ಮೇಲೆ."

ಎಂಟು ವರ್ಷ. ಗಾಳಿ ಬೀಸತೊಡಗಿದ್ದೂ ಆಗಲೇ.

"ಹೇಳಬಾರದಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ಡಾಕ್ಟ್ರು ಆಗ್ಲೇ ಹೇಳಿದ್ರು, ಮತ್ತೆ ತೋರಿಸ್ಕೊಳ್ಳಿ ಅಂತ. ನೀವು ವಾಸಿ ಆಯ್ತು ಅಂದ್ರಿ. ಸರಿ, ವಾಸಿ ಆಗಿರೋ ಹಾಗಾದ್ರೂ ಕಾಣಲಿ ಅಂತ ಕತ್ತರಿಸ್ದೆ." ದಾರವನ್ನು ಹಲ್ಲಿನಲ್ಲಿ ಕಡಿದಳು. "ಕನ್ನಡೀಲಿ ನಿಮಗೆ ಎರಡೂ ಸಮ ಕಾಣ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಈಗ ಸಾಕಾಗ್ತಾ ಇಲ್ಲ."

ಇವಳ ಕಣ್ಣು ಒದ್ದೆಯಾದದ್ದನ್ನು ನೋಡಿ, ಒಂಬತ್ತು ಪ್ಯಾಂಟುಗಳನ್ನೂ ನಾನೇ ಮಡಿಸಿಟ್ಟೆ. ತಪ್ಪಾಗಿ ಮಡಿಸಿದೆನಂತೆ. ಮತ್ತೆ ಬಿಚ್ಚಿ ಮಡಿಸಿದಳು.

ಜೂನ್ ೨೬, ಬುಧವಾರ

ಬೆಳಿಗ್ಗೆ ಇಲ್ಲಿಗೆ ಬಂದವನೇ ಈ ಪುಸ್ತಕದ ಮುಂದಿನ ಅರ್ಧವನ್ನು ಮೊದಲ ಸಲ ತಿರುವಿದೆ. ಊರಿನವರ ಎದೆ, ತೋಳುಗಳ ನಡುವೆ ಒಂದು ಪುಟ. ಹೆಸರಿಲ್ಲ. 'ಇವರು' ಎಂದಷ್ಟೇ ಬರೆದಿದೆ. ಬಲಗಾಲು ೪೦, ಎಡಗಾಲು ೩೯½. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಹೇಳಬಾರದು'.

ಮನೆಯಲ್ಲಿ ಇಷ್ಟೊಂದು ಖಾಲಿ ಪುಸ್ತಕ ಇರುವಾಗ ಇದನ್ನೇ ಯಾಕೆ ಕೊಟ್ಟಳು ಎಂದು ಕೇಳುವುದಿಲ್ಲ. ಕೇಳಿದರೆ ಕೈಗೆ ಸಿಕ್ಕಿದ್ದು ಕೊಟ್ಟೆ ಎನ್ನುತ್ತಾಳೆ.

ಮಧ್ಯಾಹ್ನ ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಷ್ಟು ದಿನ ಹೇಗೆ ನಡೆದಿರಿ ಎಂದು ಕೇಳಿದರು. ನಡೆದಿಲ್ಲ, ಕಲಿಸಿದ್ದೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಜುಲೈ ಹದಿನಾರಕ್ಕೆ ಆಪರೇಷನ್. ಸೊಂಟದ ಕೀಲು ಹೊಸದು ಹಾಕುತ್ತಾರೆ. ಅದು ಯಂತ್ರವೇ ಒಂದು ಲೆಕ್ಕದಲ್ಲಿ. ಮೀಟರ್ ಮೇಡಂಗೆ ಹೇಳಬಾರದು.

ಸಂಜೆ ಮೈದಾನಕ್ಕೆ ಮರಳಿದೆ. ಇಬ್ಬರು ಶಿಷ್ಯರ ಎಡಗಾಲನ್ನೇ ನೋಡುತ್ತಿದ್ದೆ. ಕೆಳಗಿನಿಂದ ನೋಡಿದರೆ ಕಾಲು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮೀಟರ್ ಮೇಡಂ ಬಂದು, "ಸಾರ್, ಅಲ್ಲಾಡ್ತಾ ಇದೆಯಾ?" ಎಂದಳು. ಸ್ವಲ್ಪ, ಎಡಗಡೆಯ ಕಾಲು ಗಿಡ್ಡ ಎಂದೆ. ಅವಳು ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಮಡಿಸಿ ಸ್ಟೂಲಿನ ಆ ಕಾಲಿನ ಕೆಳಗೆ ಇಟ್ಟಳು.

ಜೂನ್ ೨೯, ಶನಿವಾರ

ಪರೀಕ್ಷೆ ಮುಗಿಯಿತು.

ಸಮಿತಿಯ ಐವರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ಜನ್ಮದಲ್ಲಿ ಸ್ಟಿಕ್ ಮುಟ್ಟದ ಒಬ್ಬರಿಗೆ ಇಬ್ಬರೂ ಅರ್ಧರ್ಧ ಗಂಟೆ ಕಲಿಸಬೇಕು, ಇದು ಪರೀಕ್ಷೆ. ಬಲಿಪಶುವಾಗಿ ಬಂದವರು ಅಧ್ಯಕ್ಷರ ಅಕ್ಕ. ಅರವತ್ತು ದಾಟಿದವರು, ಅಧ್ಯಕ್ಷರೂ ಸೇರಿದಂತೆ ಎಲ್ಲರೂ ಅವರನ್ನು ಅಕ್ಕಯ್ಯ ಎನ್ನುತ್ತಾರೆ, ಎಲ್ಲರೂ ಹೆದರುತ್ತಾರೆ.

ಮೊದಲು ಮೀಟರ್ ಮೇಡಂ. ಯಂತ್ರ ಇಟ್ಟಳು, ಹಲಗೆ ಹಾಸಿದಳು. ಅಕ್ಕಯ್ಯ ಬೀಸಿದರು, ಚೆಂಡು ಕದಲಲಿಲ್ಲ.

"ಅಮ್ಮಾ, ನಿಮ್ಮ ತೂಕ ಎಪ್ಪತ್ತೆರಡು ಪರ್ಸೆಂಟ್ ಬಲಗಾಲಲ್ಲೇ ಇದೆ."

"ಐದು ಜನ ಗಂಡಸರ ಮುಂದೆ ನನ್ನ ತೂಕದ ವಿಷಯ ಯಾಕಮ್ಮಾ ನಿನಗೆ?"

ಹುಡುಗಿ ಪಾಪ, ಹೇಳಿದ್ದೆಲ್ಲ ಸರಿಯಾಗಿತ್ತು. ಸರಿಯಾದದ್ದನ್ನು ಕೇಳಿ ಕೇಳಿ ಅಕ್ಕಯ್ಯ ಹಲಗೆಯ ಮೇಲೆ ಇನ್ನೊಂದು ಹಲಗೆಯಾದರು. ಅರ್ಧ ಗಂಟೆಯಲ್ಲಿ ಅತ್ಯಂತ ದೂರ ಹೋದದ್ದು ಅವರ ಕನ್ನಡಕ.

ಆಮೇಲೆ ನನ್ನ ಸರದಿ.

"ಮೇಷ್ಟ್ರೇ, ಎದ್ದು ಬಂದು ತೋರಿಸಿ" ಎಂದ ಕಾರ್ಯದರ್ಶಿ.

"ತೋರಿಸಲ್ಲ."

"ಯಾಕೆ?"

"ತೋರಿಸಿದ್ರೆ ಅವರು ನೋಡ್ತಾರೆ."

ಸಮಿತಿ ಮುಖ ಮುಖ ನೋಡಿಕೊಂಡಿತು. ನಾನು ಅಕ್ಕಯ್ಯನವರನ್ನು ಕೇಳಿದೆ, "ಎರಡೂ ಕೈಯಲ್ಲಿ ಸಾಮಾನು ಇದ್ದಾಗ ಬಾಗಿಲು ಹೇಗೆ ಮುಚ್ತೀರಿ?"

"ಇದೆಂಥ ಪ್ರಶ್ನೆ? ಸೊಂಟದಲ್ಲಿ ದೂಡ್ತೀನಿ."

"ನಿಮ್ಮ ಎಡಗಡೆ ಒಂದು ಬಾಗಿಲಿದೆ ಅಂದ್ಕೊಳ್ಳಿ. ಒಳಗೆ ನಿಮ್ಮ ತಮ್ಮ ಏನೋ ಅಧಿಕಪ್ರಸಂಗ ಮಾತಾಡ್ತಾ ಇದ್ದಾರೆ. ಅದನ್ನ ಮುಚ್ಚಿ. ಚೆಂಡಿನ ವಿಷಯ ಬಿಟ್ಟುಬಿಡಿ."

ಅಧ್ಯಕ್ಷರು ಕೆಮ್ಮಿದರು. ಮೀಟರ್ ಮೇಡಂ ಅನ್ನು ಪಕ್ಕಕ್ಕೆ ಕರೆದು, "ತೂಕ ಎಡಗಾಲಿಗೆ ಬಂದಾಗ ನನ್ನ ಕಡೆ ನೋಡಿ ತಲೆ ಆಡಿಸಮ್ಮ. ನಂಬರು ನಿನ್ನ ಹತ್ರವೇ ಇರಲಿ, ಅವರಿಗೆ ಬೇಡ" ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು. ಕುರ್ಚಿಯಲ್ಲಿದ್ದವರಿಗೆ ಆಗಲಿಲ್ಲ.

ಒಂದು, ಎರಡು, ಐದು, ಬಾಗಿಲು ಮುಚ್ಚಲಿಲ್ಲ. ಆರನೆಯದಕ್ಕೆ ಹುಡುಗಿ ಅರ್ಧ ತಲೆ ಆಡಿಸಿದಳು. "ಇನ್ನೂ ಮಾತಾಡ್ತಿದ್ದಾರೆ ಅಕ್ಕಯ್ಯ" ಎಂದೆ. ಒಂಬತ್ತನೆಯದಕ್ಕೆ ಅವರು ಬಾಗಿಲನ್ನು ಎಂಥ ಕೋಪದಲ್ಲಿ ದೂಡಿದರೆಂದರೆ, ಚೆಂಡು ಟಣ್ಣೆಂದು ಎದ್ದು ಮೈದಾನದ ನಟ್ಟನಡುವೆ, ಎಂಟು ವರ್ಷದಿಂದ ಯಾವ ಶಿಷ್ಯನ ಚೆಂಡೂ ಹೋಗದ ದಾರಿಯಲ್ಲಿ, ಅರವತ್ತು ಗಜ ಹೋಗಿ ಬಿತ್ತು. ಹುಡುಗಿಯ ತಲೆ ಆಡುತ್ತಲೇ ಇತ್ತು. ಅಕ್ಕಯ್ಯ ಎಡಗಾಲಿನ ಮೇಲೆ ಲೈಟು ಕಂಬದ ಹಾಗೆ ನಿಂತಿದ್ದರು. ಅದು ಎಷ್ಟು ಚೆಂದ ಎಂದು ನನಗೆ ಇಷ್ಟು ವರ್ಷ ಕಾಣಿಸಿರಲಿಲ್ಲ.

ಟೀ ಬಂತು. ಐವರೂ ಏರುದನಿಯಲ್ಲಿ ಚರ್ಚೆಗೆ ಬಿದ್ದರು. ಇಬ್ಬರು ಕಲೆ ಎಂದರು, ಇಬ್ಬರು ವಿಜ್ಞಾನ ಎಂದರು, ಅಧ್ಯಕ್ಷರು ಅಕ್ಕನ ಮುಖ ನೋಡಿ ಸುಮ್ಮನಿದ್ದರು. ಅಕ್ಕಯ್ಯ ಮಾತ್ರ ಯಾರನ್ನೂ ಲೆಕ್ಕಿಸದೆ ಹತ್ತನೇ ಚೆಂಡಿಗೆ ನಿಂತಿದ್ದರು. ಟೀ ಆರುವ ಮೊದಲು ನಾನೇ ಕೈ ಎತ್ತಿದೆ.

"ನನ್ನ ಹದಿನಾಲ್ಕು ಜನ ಶಿಷ್ಯರು ಕುಂಟ್ತಾ ಇದ್ದಾರೆ. ನಾನು ಕುಂಟೋದನ್ನ ನೋಡಿ ಕಲ್ತಿದ್ದು. ಹದಿನೈದು ದಿನ ಕೊಡಿ, ಅಷ್ಟು ಕಾಲುಗಳನ್ನ ನೆಲಕ್ಕೆ ತಂದು ಹೋಗ್ತೀನಿ. ಆಮೇಲೆ ಏಳನೇ ಮ್ಯಾಟು ಈ ಹುಡುಗೀದು."

ಕಾರ್ಯದರ್ಶಿ ನನ್ನ ಕಾಲನ್ನು ನೋಡಿದ, ಬೇಗ ಕಣ್ಣು ತೆಗೆದ. ಅವನಿಗೆ ಗೊತ್ತಿತ್ತು ಎಂದು ಆಗ ಹೊಳೆಯಿತು. ಸ್ಟೂಲು ಹಾಕಿಸಿದವನು ಅವನಲ್ಲವೇ. ಹಸಿರು ಬಣ್ಣ ಸಹ ಮ್ಯಾಟಿಗೆ ಹೊಂದಲಿ ಎಂದೇ ಹೊಡೆಸಿರಬೇಕು, ಯಾರ ಕಣ್ಣಿಗೂ ಬೀಳದಿರಲಿ ಎಂದು.

ಜುಲೈ ೬, ಶನಿವಾರ

ಒಂಬತ್ತು ಜನರ ಕಾಲು ನೆಲ ಕಂಡಿತು. ಕಲಿಸುವುದಕ್ಕಿಂತ ಮರೆಸುವುದು ಕಷ್ಟ. ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಬಸ್ಸಿನ ಜನಜಂಗುಳಿ, ಮತ್ತೊಬ್ಬರಿಗೆ ಏನೂ ಇಲ್ಲ, ಬರೀ ಹುಡುಗಿಯ ನಂಬರು. ಲೆಕ್ಕದ ಮನುಷ್ಯ ಆತ, ನಂಬರು ಕೇಳಿದ ಕೂಡಲೇ ಕಾಲು ಕೆಳಗಿಟ್ಟ. ಹೀಗೂ ಉಂಟು.

ಹಲ್ಲು ಡಾಕ್ಟರು ಮಾತ್ರ ಹಟ ಹಿಡಿದಿದ್ದಾರೆ.

"ಬಿಡಲ್ಲ ಮೇಷ್ಟ್ರೇ. ಅದು ನಿಮ್ಮ ನೆನಪು."

"ನೆನಪು ಬೇಕಿದ್ರೆ ಒಂದು ಫೋಟೋ ಇಟ್ಕೊಳ್ಳಿ. ಕಾಲು ಕೆಳಗಿಡಿ."

"ನೀವು ಮತ್ತೆ ಬರ್ತೀರಾ?"

ಅವರ ಮುಂದೆ ಇನ್ನೊಂದು ಚೆಂಡು ಇಟ್ಟೆ. ಹೊಸ ಕೀಲು ಏನು ಹೇಳುತ್ತದೋ ನನಗೆ ಹೇಗೆ ಗೊತ್ತು.

ಜುಲೈ ೧೩, ಶನಿವಾರ

ಹದಿಮೂರು ಜನ ಆದರು. ಬೆಳಿಗ್ಗೆ ಹಲ್ಲು ಡಾಕ್ಟರ ಚೆಂಡೊಂದು ಮೊದಲ ಸಲ ನೇರ ಹೋಯಿತು. ಕಾಲು ನೆಲದಲ್ಲೇ ಇತ್ತು. ಅವರೇ ಗಾಬರಿಯಾಗಿ ನನ್ನ ಕಡೆ ತಿರುಗಿದರು. ನಾನು ಆಫೀಸಿನ ಬಾವುಟ ನೋಡುತ್ತಾ, "ಇವತ್ತು ಗಾಳಿ ಇಲ್ಲ" ಎಂದೆ. ಮುಂದಿನದರಲ್ಲಿ ಮತ್ತೆ ಕುಂಟಿದರು. ಹದಿಮೂರೂವರೆ ಎಂದು ಬರೆದುಕೊಳ್ಳುತ್ತೇನೆ.

ಮಂಗಳವಾರ ಆಸ್ಪತ್ರೆ. ಅಲ್ಲಿ ಉಡಲು ಅವರೇ ಏನೋ ಕೊಡುತ್ತಾರಂತೆ, ಎರಡು ಕಾಲಿಗೆ ಒಂದೇ ಉದ್ದದ್ದು. ಆಪರೇಷನ್ ಆದ ಮೇಲೆ ಕಾಲು ಸಮ ಆಗುತ್ತದೆ ಎಂದಿದ್ದಾರೆ ಡಾಕ್ಟರು. ಇವಳು ನಿನ್ನೆ ರಾತ್ರಿ ಊಟದ ಹೊತ್ತಿಗೆ, ಹಾಗಾದರೆ ಒಂಬತ್ತು ಪ್ಯಾಂಟಿನ ಎಡಗಾಲು ಬಿಚ್ಚಿ ಇಳಿಸಬೇಕು, ಒಳಗೆ ಬಟ್ಟೆ ಬಿಟ್ಟಿದ್ದೇನೆ ಎಂದಳು. ಎಂಟು ವರ್ಷ, ಒಂಬತ್ತು ಪ್ಯಾಂಟು, ಪ್ರತಿಯೊಂದರಲ್ಲೂ ಅರ್ಧ ಇಂಚು ಮಡಿಸಿಟ್ಟಿದ್ದಾಳೆ. ನೀರು ಕುಡಿದೆ.

ಪುಸ್ತಕವನ್ನು ಅಟ್ಟದ ಮೇಲೇ ಬಿಟ್ಟು ಹೋಗುತ್ತಿದ್ದೇನೆ. ಇದನ್ನು ಯಾರಾದರೂ ಓದುತ್ತಿದ್ದರೆ (ಓದಬಾರದು, ಆದರೂ ಓದುತ್ತೀರಿ, ಬಹುಶಃ ಮೀಟರ್ ಮೇಡಂ ನೀನೇ), ಒಂದು ಸಣ್ಣ ಉಪಕಾರವಾಗಬೇಕು. ಏಳನೇ ಮ್ಯಾಟಿನ ಹಿಂದಿನ ಸ್ಟೂಲಿನ ಎಡಗಾಲಿನ ಕೆಳಗೆ ಇಟ್ಟಿರುವ ರಟ್ಟು ನೀರು ತಾಗಿದರೆ ಮೆತ್ತಗಾಗಿ ಕುಸಿಯುತ್ತದೆ. ಆಗಾಗ ಬದಲಾಯಿಸಿ. ಅರ್ಧ ಇಂಚು ಸಾಕು, ಹೆಚ್ಚು ಕಡಿಮೆ ಆಗದಂತೆ ಟೇಪು ಹಿಡಿದು ಅಳೆದೇ ಇಡಿ. ಕೂತವರಿಗೆ ಮಾತ್ರ ಹೇಳಬೇಡಿ.